ನಿಸರ್ಗದ ಕಲ್ಲು, ಮನುಷ್ಯನ ಕಲ್ಲು: ರಾಬರ್ಟ್ ಬ್ರೂಸ್ ಫೂಟ್

ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ತಳಹದಿ ಹಾಕಿದವರು ರಾಬರ್ಟ್ ಬ್ರೂಸ್ ಫೂಟ್. ವೃತ್ತಿಯಿಂದ ಅವರು ಭೂವಿಜ್ಞಾನಿ. ಪುರಾತತ್ವವು ಅವರ ಪಾಲಿಗೆ ಬಿಡುವಿನ ವೇಳೆಯ ವ್ಯಾಸಂಗ. ಆದರೂ ಇಂದು ಅವರ ಹೆಸರು ಉಳಿದಿರುವುದು ಬಹುಮಟ್ಟಿಗೆ ಆ ಬಿಡುವಿನ ವೇಳೆಯ ಸಾಧನೆಯಿಂದಲೇ. ಅಕ್ಷರವಿಲ್ಲದ ಕಾಲದ ಚರಿತ್ರೆಗೆ ಕಲ್ಲೇ ಶಾಸನ. ಶಾಸನದ ಕಲ್ಲಿನಲ್ಲಿ ಲಿಪಿಯಿರುವುದರಿಂದ ಅದು ಮನುಷ್ಯಕೃತವೆಂಬ ವಿಷಯದಲ್ಲಿ ಸಂಶಯಕ್ಕೆಡೆಯಿಲ್ಲ. ಪ್ರಾಗಿತಿಹಾಸದ ವಿದ್ಯಾರ್ಥಿಗೆ ಈ ಭಾಗ್ಯವಿಲ್ಲ. ಕೈಯಲ್ಲಿರುವ ಕಲ್ಲು ಮನುಷ್ಯನು ಮುರಿದದ್ದೋ, ಹೊಳೆಯ ರಭಸಕ್ಕೆ ಸಿಕ್ಕಿ ಮುರಿದದ್ದೋ. ಎದುರಿನ ಗೋಡೆ ಕಟ್ಟಿದ್ದೋ, ಭೂಮಿಯೊಳಗಿನ ಕರಗಿದ ಶಿಲೆಯು ಬಿರುಕಿನಲ್ಲಿ ಹೆಪ್ಪುಗಟ್ಟಿದ್ದೋ ಎಂಬುದೇ ಅವನ ಮೊದಲ ಪ್ರಶ್ನೆ. ಈ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಮೊತ್ತಮೊದಲು ಶಾಸ್ತ್ರೀಯವಾಗಿ ಎತ್ತಿಕೊಂಡು, ಅರ್ಧ ಶತಮಾನದ ಕಾಲ ಅದರ ಬೆನ್ನು ಹತ್ತಿ ನಡೆದವರು ಫೂಟ್. ಮದರಾಸು, ಕರ್ನಾಟಕ, ಗುಜರಾತು ಈ ಮೂರೂ ನಾಡುಗಳು ಅವರ ಕಾರ್ಯಕ್ಷೇತ್ರವಾಗಿದ್ದವು.

ಫೂಟ್ ಹುಟ್ಟಿದ್ದು ೧೮೩೪ರ ಸೆಪ್ಟೆಂಬರ್ ೨೨ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. ೧೮೫೮ರಲ್ಲಿ ಅವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿದರು. ಥಾಮಸ್ ಓಲ್ಡ್‌ಹ್ಯಾಮ್ ಅವರ ನೇತೃತ್ವದಲ್ಲಿ ೧೮೫೧ರಲ್ಲಿ ಆರಂಭವಾಗಿದ್ದ ಆ ಇಲಾಖೆಗೆ ಆಗಿನ್ನೂ ಬಾಲ್ಯ. ಕಲ್ಲಿದ್ದಲು, ಕಬ್ಬಿಣ, ಚಿನ್ನ ಮೊದಲಾದ ಖನಿಜಗಳ ನೆಲೆಗಳನ್ನು ಗುರುತಿಸಿ ನಕ್ಷೆ ತಯಾರಿಸುವುದು ಅದರ ಕೆಲಸ. ತರುಣ ಫೂಟ್ ಅವರನ್ನು ಮದರಾಸು ಪ್ರಾಂತ್ಯಕ್ಕೆ ನಿಯೋಜಿಸಲಾಯಿತು. ತಮಿಳು ವಿದ್ವಾಂಸರೂ ಮಿಷನರಿಯೂ ಆಗಿದ್ದ ಪೀಟರ್ ಪರ್ಸಿವಲ್ ಅವರ ಮಗಳನ್ನು ಅವರು ವಿವಾಹವಾದರು. ಹೀಗೆ ದಕ್ಷಿಣ ಭಾರತದೊಡನೆ ಬೆಳೆದ ಅವರ ನಂಟು ಕೊನೆಯವರೆಗೂ ಕಡಿಯಲಿಲ್ಲ.

ಫೂಟ್ ಭಾರತಕ್ಕೆ ಬಂದ ಮರುವರ್ಷವೇ ಯೂರೋಪಿನ ವಿದ್ವತ್ ಪ್ರಪಂಚದಲ್ಲಿ ದೊಡ್ಡ ಪಲ್ಲಟವೊಂದು ಸಂಭವಿಸಿತು. ಫ್ರಾನ್ಸಿನ ಸೊಮ್ ನದಿಯ ಜಲ್ಲಿಯ ಪದರಗಳಲ್ಲಿ ಅಳಿದುಹೋದ ಪ್ರಾಣಿಗಳ ಮೂಳೆಗಳ ಜೊತೆಗೆ ಮನುಷ್ಯನು ಮಾಡಿದ ಕಲ್ಲಿನ ಆಯುಧಗಳಿವೆಯೆಂದು ಬೂಶೆ ದ ಪರ್ತ್ ಎಂಬಾತ ಬಹುಕಾಲದಿಂದ ಸಾರುತ್ತಿದ್ದರೂ ಯಾರೂ ಕಿವಿಗೊಟ್ಟಿರಲಿಲ್ಲ. ೧೮೫೯ರಲ್ಲಿ ಜೋಸೆಫ್ ಪ್ರೆಸ್ಟ್‌ವಿಚ್ ಮತ್ತು ಜಾನ್ ಇವಾನ್ಸ್ ಸ್ಥಳಕ್ಕೆ ಹೋಗಿ ಪರೀಕ್ಷಿಸಿ, ಆ ಮಾತು ನಿಜವೆಂದು ಒಪ್ಪಿಕೊಂಡರು. ಮಾನವನ ಪ್ರಾಚೀನತೆ ಕೆಲವೇ ಸಾವಿರ ವರ್ಷಗಳದ್ದೆಂಬ ನಂಬಿಕೆ ಅಲ್ಲಿಗೆ ಸಡಿಲಗೊಂಡಿತು. ಈ ಚರ್ಚೆಯನ್ನು ಬಲ್ಲ ಭೂವಿಜ್ಞಾನಿಗೆ ಜಲ್ಲಿಯ ಗುಂಡಿಯನ್ನು ನೋಡುವ ಕಣ್ಣೇ ಬೇರೆಯಾಯಿತು.

೧೮೬೩ರ ಮೇ ೩೦ರಂದು ಮದರಾಸಿನ ಸಮೀಪದ ಪಲ್ಲಾವರಂನಲ್ಲಿ, ಜಂಬಿಟ್ಟಿಗೆಯ ಜಲ್ಲಿಯನ್ನು ಅಗೆದು ಹಾಕಿದ್ದ ರಾಶಿಯಲ್ಲಿ, ಫೂಟ್ ಅವರಿಗೆ ಕ್ವಾರ್ಟ್‌ಜೈಟ್ ಶಿಲೆಯ ಒಂದು ಕೈಕೊಡಲಿ ದೊರೆಯಿತು. ಭಾರತದಲ್ಲಿ ಹಳೆ ಶಿಲಾಯುಗದ ಮನುಷ್ಯನಿದ್ದನೆಂಬುದಕ್ಕೆ ಮನ್ನಣೆ ಪಡೆದ ಮೊದಲ ಸಾಕ್ಷ್ಯವಿದು. ಆದರೆ ಆ ಕಲ್ಲು ತಾನಿದ್ದ ಪದರದಿಂದ ಆಗಲೇ ಹೊರಬಿದ್ದಿತ್ತು. ಪದರದಿಂದ ಬೇರ್ಪಟ್ಟ ಸಾಕ್ಷ್ಯವು ಊರು ಬಿಟ್ಟು ಬಂದ ಸಾಕ್ಷಿಯಂತೆ. ಅದರ ಮಾತನ್ನು ಬೇರೆ ಯಾರಾದರೂ ಸಮರ್ಥಿಸಬೇಕು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಫೂಟ್ ಮತ್ತು ಅವರ ಸಹೋದ್ಯೋಗಿ ವಿಲಿಯಂ ಕಿಂಗ್ ಕೊರ್ಟಲಯಾರ್ ನದೀಪ್ರದೇಶದ ಅತ್ತಿರಂಪಾಕ್ಕಂನಲ್ಲಿ ಇಂತಹವೇ ಅನೇಕ ಆಯುಧಗಳನ್ನು ಕಂಡಾಗ ಆ ಸಮರ್ಥನೆ ಒದಗಿತು. ಒಂದೇ ರೂಪದ, ಒಂದೇ ಕ್ರಮದಲ್ಲಿ ಎರಡೂ ಮುಖಗಳಿಂದ ಚಕ್ಕೆ ಎಬ್ಬಿಸಿದ ಕಲ್ಲುಗಳು ಒಂದೆಡೆ ನೂರಾರು ಸಂಖ್ಯೆಯಲ್ಲಿದ್ದರೆ, ಅದನ್ನು ಹೊಳೆಯ ಆಟವೆನ್ನಲಾಗದು.

ಇಲ್ಲಿ ಫೂಟ್ ಅವರ ನಿರ್ಣಯಗಳೆಲ್ಲವೂ ಉಳಿದುಬಂದಿವೆಯೆಂದಲ್ಲ. ಕರಾವಳಿಯ ಜಂಬಿಟ್ಟಿಗೆಯು ಸಮುದ್ರದಡಿಯಲ್ಲಿ ಸಂಚಯನಗೊಂಡದ್ದೆಂದು ಅವರು ಆಗ ಭಾವಿಸಿದ್ದರು; ಮುಂದಿನ ಅಧ್ಯಯನಗಳು ಅದನ್ನು ಒಪ್ಪಲಿಲ್ಲ. ಆದರೆ ಆಯುಧಗಳು ಆಯುಧಗಳೇ ಎಂಬ ಮೂಲ ನಿರ್ಣಯ ಅಲುಗಲಿಲ್ಲ. ಶಾಂತಿ ಪಪ್ಪು ಮತ್ತು ಸಂಗಡಿಗರು ೧೯೯೯ರಿಂದ ಅತ್ತಿರಂಪಾಕ್ಕಂನಲ್ಲಿ ನಡೆಸಿದ ಉತ್ಖನನದ ಫಲವಾಗಿ, ಅಲ್ಲಿನ ಅತ್ಯಂತ ಹಳೆಯ ಆಯುಧಗಳು ಸುಮಾರು ೧೫ ಲಕ್ಷ ವರ್ಷಗಳಷ್ಟು ಪ್ರಾಚೀನವೆಂದು ೨೦೧೧ರಲ್ಲಿ ಪ್ರಕಟವಾಯಿತು. ಫೂಟ್ ಊಹಿಸಲೂ ಸಾಧ್ಯವಿರದಿದ್ದ ಕಾಲವಿದು.

ಕರ್ನಾಟಕದ ಮಟ್ಟಿಗೆ ಫೂಟ್ ಅವರ ಕೊಡುಗೆ ಎರಡು ಬಗೆಯದು. ಮೊದಲನೆಯದು ಶುದ್ಧ ಭೂವಿಜ್ಞಾನಕ್ಕೆ ಸೇರಿದ್ದು. ಬೆಳಗಾವಿ, ಧಾರವಾಡ, ಕಲಾದಗಿ ಪ್ರದೇಶಗಳನ್ನು ಅಡ್ಡಾಡಿ ಅವರು ರಚಿಸಿದ ದಕ್ಷಿಣ ಮರಾಠಾ ಪ್ರಾಂತದ ಭೂವಿಜ್ಞಾನ ಗ್ರಂಥವು ೧೮೭೬ರಲ್ಲಿ ಹೊರಬಂದಿತು. ಗೋಕಾಕ ಪ್ರದೇಶದಲ್ಲಿ ದೊರೆತ ಅಳಿದುಹೋದ ಘೇಂಡಾಮೃಗದ ಪಳೆಯುಳಿಕೆಯನ್ನು ಅವರು ೧೮೭೪ರಲ್ಲಿ ವರ್ಣಿಸಿದರು. ಕರ್ನಾಟಕದ ಚಿನ್ನ ಮತ್ತು ಕಬ್ಬಿಣದ ಅದಿರುಗಳನ್ನು ಒಡಲಲ್ಲಿಟ್ಟುಕೊಂಡಿರುವ ಪ್ರಾಚೀನ ಶಿಲಾಸಮೂಹವನ್ನು ಪ್ರತ್ಯೇಕವಾಗಿ ಗುರುತಿಸಿ ಅದಕ್ಕೆ ಧಾರವಾಡದ ಹೆಸರನ್ನಿಟ್ಟವರೂ ಅವರೇ. ೧೮೮೦ರ ದಶಕದಲ್ಲಿ ಬಂದ ಈ ಹೆಸರು ಇಂದಿಗೂ ವಿಶ್ವದ ಭೂವಿಜ್ಞಾನ ಗ್ರಂಥಗಳಲ್ಲಿ ಬಳಕೆಯಲ್ಲಿದೆ. ಬಳ್ಳಾರಿ ಜಿಲ್ಲೆಯನ್ನು ಕುರಿತ ಅವರ ಬೃಹತ್ ವರದಿ ೧೮೯೫ರಲ್ಲಿ ಪ್ರಕಟವಾಯಿತು.

ಎರಡನೆಯ ಕೊಡುಗೆ ಬಳ್ಳಾರಿಯ ಬೆಟ್ಟಗಳಲ್ಲಿ ಮೂಡಿಬಂದದ್ದು. ಹಂಪೆಯಿಂದ ಬಳ್ಳಾರಿಯವರೆಗಿನ ನೆಲವನ್ನು ನೋಡಿದವರಿಗೆ, ಅಲ್ಲಿನ ಬಂಡೆಗಳನ್ನು ಯಾರೋ ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆಂದೇ ತೋರುತ್ತದೆ. ವಾಲಿ ಸುಗ್ರೀವರ ಕಥೆಯು ಆ ನೆಲಕ್ಕೆ ಅಂಟಿಕೊಂಡದ್ದು ಆಶ್ಚರ್ಯವಲ್ಲ. ಗ್ರಾನೈಟ್ ಶಿಲೆಯು ತನ್ನ ಸಹಜವಾದ ಸೀಳುಗಳ ಗುಂಟ ಸವೆಯುತ್ತ, ಮೂಲೆಗಳು ಮೊದಲು ಕರಗಿ, ಚೌಕಟ್ಟಾದ ತುಂಡುಗಳು ಉರುಟಾಗಿ, ನಡುವಣ ಸಡಿಲ ಮಣ್ಣು ಮಳೆಗೆ ಕೊಚ್ಚಿಹೋದಾಗ ಉಳಿಯುವ ರೂಪವಿದು. ಅದೇ ಬೆಟ್ಟಗಳ ನಡುವೆ ಕರಿಯ ಡಾಲರೈಟ್ ಶಿಲೆಯ ಉದ್ದನೆಯ ಒಡ್ಡುಗಳಿವೆ. ಭೂವಿಜ್ಞಾನಿಗಳು ಡೈಕ್ ಎಂದು ಕರೆಯುವ ಈ ಒಡ್ಡುಗಳು ದೂರದಿಂದ ಹಾಳುಬಿದ್ದ ಕೋಟೆಯ ಗೋಡೆಗಳಂತೆ ಕಾಣುತ್ತವೆ. ಮಲ್ಪೆಯ ಕಡಲಾಚೆಯ ಸೇಂಟ್ ಮೇರೀಸ್ ದ್ವೀಪದ ಮೂಲೆಗಂಬಗಳನ್ನು ಕಂಡವರಿಗೂ ಇಂತಹದೇ ಭ್ರಮೆ ಹುಟ್ಟುವುದುಂಟು. ಜ್ವಾಲಾಮುಖಿಯ ಶಿಲೆ ತಣಿದು ಕುಗ್ಗುವಾಗ ಬಿರುಕುಗಳು ಕ್ರಮಬದ್ಧವಾಗಿ ಮೂಡಿದ ಪರಿಣಾಮವದು. ಕ್ರಮಬದ್ಧತೆಯಿದ್ದ ಮಾತ್ರಕ್ಕೆ ಶಿಲ್ಪಿಯಿರಬೇಕೆಂದಿಲ್ಲವೆಂಬುದು ಭೂವಿಜ್ಞಾನದ ಮೊದಲ ಪಾಠ.

ಈ ಪಾಠವನ್ನು ಬಲ್ಲ ಫೂಟ್ ಬೆಟ್ಟದ ಬಂಡೆಗಳ ರಾಶಿಯನ್ನು ನಿಸರ್ಗದ ಲೆಕ್ಕಕ್ಕೆ ಬಿಟ್ಟು, ಅವುಗಳ ನಡುವಣ ಸಣ್ಣ ಕಲ್ಲುಗಳತ್ತ ಕಣ್ಣು ಹಾಯಿಸಿದರು. ಬಳ್ಳಾರಿಗೆ ಸಮೀಪದ ಕಪ್ಪಗಲ್ಲು ಬೆಟ್ಟದಲ್ಲಿ, ಡಾಲರೈಟಿನ ಒಡ್ಡಿನ ಮಗ್ಗುಲಲ್ಲೇ, ಅರ್ಧ ಕೆತ್ತಿದ ಕೊಡಲಿಗಳು, ಉಜ್ಜಿ ನಯಗೊಳಿಸಿದ ಕೊಡಲಿಗಳು, ಮುರಿದು ಬಿಸುಟವು, ಲೆಕ್ಕವಿಲ್ಲದಷ್ಟು ಚಕ್ಕೆಗಳು ಹರಡಿದ್ದವು. ನವ ಶಿಲಾಯುಗದ ಜನರ ದೊಡ್ಡದೊಂದು ಆಯುಧ ತಯಾರಿಕೆಯ ನೆಲೆ ಇದೆಂದು ಅವರು ಸಾರಿದರು. ಒಡ್ಡು ನಿಸರ್ಗದ್ದು, ಅದರಿಂದ ಮಾಡಿದ ಕೊಡಲಿ ಮನುಷ್ಯನದು. ಒಂದೇ ಕಲ್ಲಿನಲ್ಲಿ ಈ ಎರಡೂ ಕೈಗಳನ್ನು ಬೇರ್ಪಡಿಸಿ ತೋರಿಸಿದ್ದು ಅವರ ಹೆಚ್ಚಳ.

ಬೂದಿದಿಬ್ಬಗಳ ಸಮಸ್ಯೆ ಇದಕ್ಕಿಂತ ಜಟಿಲವಾದದ್ದು. ಕುಡತಿನಿ ಮೊದಲಾದೆಡೆ ಬೂದಿ ಮತ್ತು ಗಾಜಿನಂತೆ ಕರಗಿ ಗಟ್ಟಿಯಾದ ಕಿಟ್ಟದಿಂದ ಕೂಡಿದ ದೊಡ್ಡ ದಿಬ್ಬಗಳಿವೆ. ಜನಪದರು ಇವನ್ನು ರಾಕ್ಷಸರ ಚಿತಾಭಸ್ಮವೆಂದರು. ಹಂಪೆಯ ಬಳಿಯ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಬೂದಿಯೆಂಬ ಪ್ರತೀತಿ ಇಂದಿಗೂ ಇದೆ. ಓದಿದವರಲ್ಲಿ ಕೆಲವರು ಇವು ಜ್ವಾಲಾಮುಖಿಯ ಉಳಿಕೆಗಳಿರಬೇಕೆಂದರು. ಮದರಾಸು ಸೈನ್ಯದ ಅಧಿಕಾರಿ ನ್ಯೂಬೋಲ್ಡ್ ೧೮೪೩ರಲ್ಲಿ ಇವನ್ನು ಕುರಿತು ಬರೆದಿದ್ದರು. ವಿಜಯನಗರದ ಇತಿಹಾಸಕಾರ ರಾಬರ್ಟ್ ಸೀವೆಲ್ ಇವನ್ನು ಬಹಳ ಈಚಿನವೆಂದು ಭಾವಿಸಿ, ವಿಜಯನಗರ ಕಾಲದ ಸಾಮೂಹಿಕ ದಹನಕ್ಕೆ ಸಂಬಂಧ ಕಲ್ಪಿಸಿದರು. ಫೂಟ್ ದಿಬ್ಬಗಳಲ್ಲಿ ನವ ಶಿಲಾಯುಗದ ಮಡಕೆಯ ಚೂರುಗಳನ್ನೂ ಕಲ್ಲಿನ ಉಪಕರಣಗಳನ್ನೂ ಗುರುತಿಸಿ, ಇವು ಪ್ರಾಚೀನ ದನಗಾಹಿಗಳ ದೊಡ್ಡಿಗಳಲ್ಲಿ ಕೂಡಿಬಿದ್ದ ಸಗಣಿ ಸುಟ್ಟು ಉಂಟಾದವೆಂಬ ನಿಲುವಿಗೆ ಬಂದರು. ಎಲ್ಲರೂ ಬೆರಗಿನಿಂದ ವಿವರಿಸುತ್ತಿದ್ದ ವಸ್ತುವಿಗೆ ಇಷ್ಟು ಸಾಧಾರಣವಾದ ಕಾರಣವನ್ನು ಹೇಳುವುದಕ್ಕೆ ಧೈರ್ಯ ಬೇಕು. ಎಫ್. ಆರ್. ಆಲ್ಚಿನ್ ೧೯೫೭ರಲ್ಲಿ ಉತ್ನೂರಿನ ದಿಬ್ಬವನ್ನು ಅಗೆದಾಗ ದೊಡ್ಡಿಯ ಬೇಲಿಗಂಬಗಳ ಗುರುತುಗಳೂ ದನಗಳ ಗೊರಸಿನ ಅಚ್ಚುಗಳೂ ದೊರೆತವು. ಮುಂದೆ ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ನಡೆಸಿದ ಉತ್ಖನನವು ದಿಬ್ಬದ ಜೊತೆಗಿದ್ದ ಜನವಸತಿಯನ್ನೂ ಬೆಳಕಿಗೆ ತಂದಿತು. ಹೀಗೆ ಬಂಡೆಯ ರಾಶಿಯಲ್ಲಿ ಕಟ್ಟಡವನ್ನು ಕಾಣುವುದು ಒಂದು ತಪ್ಪಾದರೆ, ಮನುಷ್ಯನ ದುಡಿಮೆಯ ಗುರುತನ್ನು ನಿಸರ್ಗದ ಅಥವಾ ದೈತ್ಯರ ಲೆಕ್ಕಕ್ಕೆ ಬರೆಯುವುದು ಅದಕ್ಕೆ ಸಮನಾದ ಇನ್ನೊಂದು ತಪ್ಪೆಂಬುದು ಸಿದ್ಧವಾಯಿತು.

೧೮೮೪ರಲ್ಲಿ ಕರ್ನೂಲು ಜಿಲ್ಲೆಯ ಬಿಲ್ಲಾ ಸುರ್ಗಂ ಗುಹೆಗಳನ್ನು ಫೂಟ್ ಪರಿಶೋಧಿಸಿದರು. ಸೈನ್ಯದಲ್ಲಿದ್ದ ಅವರ ಮಗ ಹೆನ್ರಿ ಈ ಕೆಲಸದಲ್ಲಿ ನೆರವಾದರು. ಅಲ್ಲಿ ದೊರೆತ ಮೂಳೆಗಳಲ್ಲಿ ಅನೇಕವನ್ನು ಮನುಷ್ಯನು ಕೊರೆದು ರೂಪಿಸಿದ ಉಪಕರಣಗಳೆಂದು ಫೂಟ್ ಎಣಿಸಿದರು. ಆ ಸಂಗ್ರಹ ಮುಂದೆ ಕಣ್ಮರೆಯಾದುದರಿಂದ ಈ ನಿರ್ಣಯವನ್ನು ಸಂಶಯಿಸಿದವರು ಬಹಳ ಮಂದಿ. ಪ್ರಾಣಿಗಳು ಕಡಿದ ಮೂಳೆಯೂ ಉಪಕರಣದಂತೆ ತೋರಬಹುದಷ್ಟೆ. ೧೯೭೦ರ ದಶಕದಲ್ಲಿ ಎಂ. ಎಲ್. ಕೆ. ಮೂರ್ತಿಯವರು ಕರ್ನೂಲಿನ ಮತ್ತೊಂದು ಗುಹೆಯಲ್ಲಿ ಮೂಳೆಯ ಉಪಕರಣಗಳನ್ನು ವರದಿ ಮಾಡಿದ ಮೇಲೆ ಫೂಟ್ ಅವರ ಮಾತಿಗೆ ಮರಳಿ ಬೆಲೆ ಬಂದಿತು.

೧೮೯೧ರಲ್ಲಿ ಇಲಾಖೆಯಿಂದ ನಿವೃತ್ತರಾದಾಗ ಫೂಟ್ ಅವರಿಗೆ ಐವತ್ತೇಳರ ಹತ್ತಿರದ ವಯಸ್ಸು. ವಿಶ್ರಾಂತಿ ಬಯಸದೆ ಅವರು ಮೂರನೆಯ ಸಯಾಜಿರಾವ್ ಗಾಯಕವಾಡರ ಬರೋಡಾ ಸಂಸ್ಥಾನದ ಸೇವೆಗೆ ಸೇರಿದರು. ಸಂಸ್ಥಾನದ ನೆಲ ಒಂದೆಡೆ ಒಟ್ಟಾಗಿರಲಿಲ್ಲ. ಅಹಮದಾಬಾದಿನ ಉತ್ತರಕ್ಕೆ ಕಡಿ, ನಡುವೆ ವಡೋದರಾ, ಸೂರತ್ತಿನ ಆಸುಪಾಸಿನಲ್ಲಿ ನವಸಾರಿ, ಕಾಠಿಯಾವಾಡದಲ್ಲಿ ಅಮ್ರೇಲಿ ಹೀಗೆ ನಾಲ್ಕು ಪ್ರಾಂತಗಳಾಗಿ ಹಂಚಿಹೋಗಿತ್ತು. ಹೀಗಾಗಿ ಸಂಸ್ಥಾನದ ಸರ್ವೇಕ್ಷಣವೆಂದರೆ ಗುಜರಾತಿನ ಬಹುತೇಕ ಭೂರೂಪಗಳ ಸರ್ವೇಕ್ಷಣವೇ ಆಯಿತು. ದಕ್ಷಿಣದ ಸೋನಗಢ, ವ್ಯಾರಾಗಳತ್ತ ದಖನ್ನಿನ ಜ್ವಾಲಾಮುಖಿ ಶಿಲೆಯ ಬೆಟ್ಟಗಳು. ಪದರದ ಮೇಲೆ ಪದರವಾಗಿ ಹರಿದು ಗಟ್ಟಿಯಾದ ಲಾವಾ ಸವೆದು ಮೆಟ್ಟಿಲು ಮೆಟ್ಟಿಲಾಗಿ ಉಳಿಯುವುದರಿಂದಲೇ ಆ ಶಿಲೆಗೆ ಟ್ರ್ಯಾಪ್ ಎಂದು ಹೆಸರು. ಸ್ವೀಡಿಷ್ ಭಾಷೆಯಲ್ಲಿ ಆ ಪದಕ್ಕೆ ಮೆಟ್ಟಿಲೆಂದೇ ಅರ್ಥ. ಉತ್ತರದ ಕಡಿ ಪ್ರಾಂತದಲ್ಲಿ ಬಂಡೆಯೇ ಅಪರೂಪ. ಮೆಕ್ಕಲು ಮತ್ತು ಗಾಳಿ ತಂದ ಮಣ್ಣಿನ ದಿಬ್ಬಗಳೇ ಎಲ್ಲೆಡೆ. ಈ ಸರ್ವೇಕ್ಷಣದ ಗ್ರಂಥ ೧೮೯೮ರಲ್ಲಿ ಪ್ರಕಟವಾಯಿತು.

೧೮೯೩ರಲ್ಲಿ ಫೂಟ್ ಸಾಬರಮತಿ ನದಿಯ ದಂಡೆಯ ಪೆಢಾಮ್ಲಿ ಮತ್ತು ಸಾದೋಲಿಯಾ ಎಂಬಲ್ಲಿ ಹಳೆ ಶಿಲಾಯುಗದ ಆಯುಧಗಳನ್ನು ಕಂಡರು. ಗುಜರಾತಿನಲ್ಲಿ ಇಂತಹ ಶೋಧ ಇದೇ ಮೊದಲು. ಆಯುಧಗಳಿದ್ದ ಗಟ್ಟಿಗೊಂಡ ಜಲ್ಲಿ ನದಿಯ ತಳಮಟ್ಟದಲ್ಲಿ. ಅದರ ಮೇಲೆ ಸುಮಾರು ೨೦೦ ಅಡಿ ಮೆಕ್ಕಲು. ಅದರ ಮೇಲೂ ಗಾಳಿ ತಂದ ಮಣ್ಣು. ಅದರ ನೆತ್ತಿಯ ಮೇಲೆ ನಂತರದ ಕಾಲದ ಉಪಕರಣಗಳು. ಇಷ್ಟು ಮಣ್ಣು ಕೂಡಿಬೀಳಲು ಹಿಡಿದಿರಬೇಕಾದ ಕಾಲವನ್ನು ಲೆಕ್ಕಿಸಿ, ಹಳೆ ಶಿಲಾಯುಗಕ್ಕೂ ನವ ಶಿಲಾಯುಗಕ್ಕೂ ನಡುವೆ ದೀರ್ಘವಾದ ಅಂತರವಿತ್ತೆಂದು ಅವರು ತರ್ಕಿಸಿದರು. ಎಚ್. ಡಿ. ಸಾಂಕಳಿಯಾ ಅವರು ೧೯೪೧ರಲ್ಲಿ ಗುಜರಾತಿನ ಪ್ರಾಗಿತಿಹಾಸ ಶೋಧಯಾತ್ರೆಯನ್ನು ಕೈಗೊಂಡದ್ದು ಫೂಟ್ ಅವರ ನೆಲೆಗಳನ್ನು ಮರುಪರೀಕ್ಷಿಸಲಿಕ್ಕಾಗಿಯೇ. ಅದೇ ಯಾತ್ರೆಯ ಫಲವಾಗಿ ಬೆಳಕಿಗೆ ಬಂದ ಲಾಂಘಣಜದ ಸೂಕ್ಷ್ಮ ಶಿಲಾಯುಗದ ನೆಲೆಯು ಫೂಟ್ ಖಾಲಿಯೆಂದು ಬಗೆದಿದ್ದ ಆ ಅಂತರದಲ್ಲಿ ಮನುಷ್ಯನನ್ನು ತಂದು ನಿಲ್ಲಿಸಿತು. ಗುರುವಿನ ತೀರ್ಮಾನ ತಿದ್ದುಪಡಿಗೊಂಡಿತು. ತಿದ್ದಲು ಸಾಧ್ಯವಾದದ್ದು ಮಾತ್ರ ಗುರುವು ಪದರಗಳನ್ನು ಅಷ್ಟು ಸ್ಪಷ್ಟವಾಗಿ ದಾಖಲಿಸಿದ್ದರಿಂದ.

೧೮೯೪ರಲ್ಲಿ ಮೈಸೂರು ಸಂಸ್ಥಾನವು ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಫೂಟ್ ಅದರ ಮೊದಲ ಮುಖ್ಯಸ್ಥರಾಗಿ ಬಂದರು. ತಾವೇ ಹೆಸರಿಟ್ಟ ಧಾರವಾಡ ಶಿಲೆಗಳ ನಡುವೆ ಅವರ ವೃತ್ತಿಜೀವನದ ಕೊನೆಯ ಅಧ್ಯಾಯ ನಡೆಯಿತು. ಅನಂತರ ಸೇಲಂ ಸಮೀಪದ ಯೇರ್ಕಾಡಿನಲ್ಲಿ ನೆಲೆಸಿ, ತಮ್ಮ ಸಂಗ್ರಹದ ವರ್ಗೀಕರಣದಲ್ಲಿ ತೊಡಗಿದರು. ೧೯೦೪ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವು ಆ ಸಂಗ್ರಹವನ್ನು ಕೊಂಡುಕೊಂಡಿತು. ನಾನೂರಕ್ಕೂ ಹೆಚ್ಚು ನೆಲೆಗಳಿಂದ ಬಂದ ಆ ವಸ್ತುಗಳ ವಿವರಣಾತ್ಮಕ ಸೂಚಿ ೧೯೧೪ರಲ್ಲಿಯೂ, ಅವುಗಳ ಕಾಲ ಮತ್ತು ಹರಹನ್ನು ಕುರಿತ ಟಿಪ್ಪಣಿಗಳ ಸಂಪುಟ ೧೯೧೬ರಲ್ಲಿಯೂ ಪ್ರಕಟವಾದವು. ಅಚ್ಚಾದ ಪುಟಗಳನ್ನು ಕಾಣಲು ಫೂಟ್ ಉಳಿದಿರಲಿಲ್ಲ. ೧೯೧೨ರ ಡಿಸೆಂಬರ್ ೨೯ರಂದು ಕಲ್ಕತ್ತೆಯಲ್ಲಿ ಅವರು ನಿಧನರಾದರು. ಅವರ ಅಸ್ಥಿಯನ್ನು ಯೇರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಇರಿಸಲಾಯಿತು.

ಫೂಟ್ ಬದುಕಿದ್ದ ಕಾಲದಲ್ಲೇ ಅವರ ಇಲಾಖೆಯ ಫ್ರಿಟ್ಜ್ ನೋಟ್ಲಿಂಗ್ ಬರ್ಮಾದ ಅತಿ ಪ್ರಾಚೀನ ಪದರವೊಂದರಲ್ಲಿ ಮನುಷ್ಯನು ಕೆತ್ತಿದ ಕಲ್ಲುಗಳು ದೊರೆತವೆಂದು ೧೮೯೪ರಲ್ಲಿ ಪ್ರಕಟಿಸಿದ್ದರು. ಇಂಗ್ಲೆಂಡಿನಲ್ಲಿ ಇಯೊಲಿತ್ ಎಂಬ ಒರಟು ಕಲ್ಲುಗಳ ವಿಷಯವಾಗಿ ಇಂತಹದೇ ವಾದ ನಡೆದಿತ್ತು. ಮಣ್ಣಿನ ಒತ್ತಡಕ್ಕೂ ನೀರಿನ ತಾಕಲಾಟಕ್ಕೂ ಸಿಕ್ಕಿದ ಕಲ್ಲು ತಾನಾಗಿಯೇ ಆಯುಧದ ರೂಪ ತಾಳಬಲ್ಲದೆಂದು ವಾರನ್ ೧೯೦೫ರಲ್ಲಿ ಪ್ರಯೋಗದಿಂದ ತೋರಿಸಿದ ಮೇಲೆ ಆ ವಾದದ ಬಿಸಿ ಇಳಿಯಿತು. ಇಂತಹ ಕಲ್ಲುಗಳಿಗೆ ಇಂದು ಜಿಯೋಫ್ಯಾಕ್ಟ್ ಎಂಬ ಹೆಸರಿದೆ.

ಈ ವಿವಾದ ಮುಗಿದುಹೋದ ಕಾಲದ ಮಾತಲ್ಲವೆಂಬುದನ್ನು ಫೂಟ್ ಅವರ ಗುಜರಾತೇ ತೋರಿಸಿಕೊಟ್ಟಿತು. ೨೦೦೧ರ ಮೇ ತಿಂಗಳಿನಲ್ಲಿ, ಸೂರತ್ತಿಗೆ ಪಶ್ಚಿಮದ ಖಂಭಾತ್ ಕೊಲ್ಲಿಯಲ್ಲಿ ೩೦ರಿಂದ ೪೦ ಮೀಟರ್ ಆಳದಲ್ಲಿ ಮುಳುಗಿದ ನಗರವೊಂದರ ಕುರುಹುಗಳಿವೆಯೆಂದು ಕೇಂದ್ರ ಸಚಿವ ಮುರಳಿ ಮನೋಹರ ಜೋಶಿಯವರು ಪ್ರಕಟಿಸಿದರು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ಶಬ್ದತರಂಗಗಳಿಂದ ಪಡೆದ ಚಿತ್ರಗಳಲ್ಲಿ ನೇರ ರೇಖೆಗಳೂ ಚೌಕಗಳೂ ಕಂಡಿದ್ದವು. ಕೊಲ್ಲಿಯ ತಳದಿಂದ ಬಾಚಿ ತಂದ ವಸ್ತುಗಳಲ್ಲಿದ್ದ ಮರದ ತುಂಡೊಂದರ ಕಾಲ ಸುಮಾರು ಒಂಬತ್ತೂವರೆ ಸಾವಿರ ವರ್ಷಗಳಷ್ಟು ಹಿಂದಿನದೆಂದು ೨೦೦೨ರ ಜನವರಿಯಲ್ಲಿ ಹೇಳಲಾಯಿತು. ಅನೇಕ ಪುರಾತತ್ವಜ್ಞರು ಇದನ್ನು ಒಪ್ಪಲಿಲ್ಲ. ಜಗತ್ತಿನಲ್ಲೇ ಅತಿ ಪ್ರಬಲವಾದ ಉಬ್ಬರವಿಳಿತಗಳಿರುವ ಕೊಲ್ಲಿಗಳಲ್ಲಿ ಇದೊಂದು. ಅಲ್ಲಿನ ಸೆಳವು ವಸ್ತುಗಳನ್ನು ಎಲ್ಲಿಂದ ಎಲ್ಲಿಗೂ ಒಯ್ಯಬಲ್ಲದು. ಬಾಚಿ ತೆಗೆದ ವಸ್ತುವಿಗೆ ಪದರವೆಂಬುದಿಲ್ಲ. ಮರದ ತುಂಡಿನ ಕಾಲ ಆ ಮರದ ಕಾಲವೇ ಹೊರತು ನಗರದ ಕಾಲವಲ್ಲ. ಕಡಲ ಮಟ್ಟ ಕೆಳಗಿದ್ದಾಗ ಕೊಲ್ಲಿಯ ತಳದಲ್ಲಿ ಮರಗಳು ಬೆಳೆದಿದ್ದರೆ ಅದರಲ್ಲಿ ಅಸಹಜವಾದುದೇನೂ ಇಲ್ಲ. ಕರ್ನಾಟಕದವರೇ ಆದ ಎಸ್. ಆರ್. ರಾವ್ ಅವರು ೧೯೫೫ರಿಂದ ಉತ್ಖನನ ನಡೆಸಿದ, ಅಹಮದಾಬಾದಿಗೆ ಸಮೀಪದ ಲೋಥಲ್ ಇದಕ್ಕೆ ಒಳ್ಳೆಯ ಹೋಲಿಕೆ. ಅಲ್ಲಿನ ಇಟ್ಟಿಗೆಯ ಕಟ್ಟೆ ಹಡಗುಕಟ್ಟೆಯೋ ಜಲಾಶಯವೋ ಎಂಬ ಚರ್ಚೆ ಉಂಟು. ಆದರೆ ಅದು ಮನುಷ್ಯಕೃತವೆಂಬುದರಲ್ಲಿ ಚರ್ಚೆಯಿಲ್ಲ. ಪ್ರಾಚೀನತೆಯ ಹೆಮ್ಮೆಗೆ ಆತುರಪಟ್ಟು ಮೊದಲ ಪ್ರಶ್ನೆಯನ್ನು ಹಾರಿಬಿಟ್ಟರೆ, ನಿಜವಾದ ಪ್ರಾಚೀನತೆಯ ಮೇಲಿನ ವಿಶ್ವಾಸವೂ ಕುಂದುತ್ತದೆ.

ವಡೋದರೆಗೂ ಬಳ್ಳಾರಿಗೂ ಫೂಟ್ ಅವರ ಮೂಲಕ ಬೆಸೆದ ನಂಟು ಮುಂದೆಯೂ ಬೆಳೆಯಿತು. ಸಂಗನಕಲ್ಲನ್ನು ಅಗೆದು ೧೯೪೮ರಲ್ಲಿ ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ ಬಿ. ಸುಬ್ಬರಾವ್ ಅವರೇ, ವಡೋದರೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಪುರಾತತ್ವ ವಿಭಾಗದ ಮೊದಲ ಮುಖ್ಯಸ್ಥರಾದರು. ಸಂಗನಕಲ್ಲು ಮತ್ತು ಕಪ್ಪಗಲ್ಲುಗಳಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಮತ್ತೆ ವಿಸ್ತಾರವಾದ ಅಧ್ಯಯನ ನಡೆಸಿದರು. ಬಳ್ಳಾರಿಯಲ್ಲಿ ಇಂದು ಫೂಟ್ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ.

ಆದರೆ ಆ ಬೆಟ್ಟಗಳಿಗೆ ಒದಗಿದ ಅಪಾಯ ಸಣ್ಣದಲ್ಲ. ಕಲ್ಲುಗಣಿಯ ಸಿಡಿಮದ್ದು ನಿಸರ್ಗದ ಬಂಡೆಯನ್ನೂ, ಅದರ ಮೇಲೆ ನವ ಶಿಲಾಯುಗದವರು ಕುಟ್ಟಿ ಬಿಡಿಸಿದ ಗೂಳಿಯ ಚಿತ್ರವನ್ನೂ, ಕೊಡಲಿ ಉಜ್ಜಿದ ಗುಳಿಯನ್ನೂ ಒಂದೇ ಸಮನಾಗಿ ಜಲ್ಲಿಯಾಗಿಸುತ್ತದೆ. ಯಾವುದು ಬರಿಯ ಕಲ್ಲು, ಯಾವುದು ಮನುಷ್ಯನ ಕೈಯ ಗುರುತು ಎಂಬ ಭೇದವನ್ನು ಅರಿಯುವುದಕ್ಕೆ ಒಂದು ಜೀವಮಾನವನ್ನೇ ಸವೆಸಿದವರು ಫೂಟ್. ಒಮ್ಮೆ ಜಲ್ಲಿಯಾದ ಮೇಲೆ ಆ ಭೇದವನ್ನು ಹೇಳಲು ಯಾವ ಶಾಸ್ತ್ರಕ್ಕೂ ಸಾಧ್ಯವಾಗದು. ಕಪ್ಪಗಲ್ಲಿನ ಬೆಟ್ಟವನ್ನು ಉಳಿಸಿಕೊಳ್ಳುವುದು ಅವರಿಗೆ ಸಲ್ಲಬೇಕಾದ ಸ್ಮರಣೆಗಳಲ್ಲಿ ಮೊದಲನೆಯದು.